ಟಿವಿ ಕಾಮಿಡಿಯ ಎಳೆ ವಕೀಲರು ರಾತ್ರಿಯಿಡೀ ಆಫೀಸಿನಲ್ಲಿ ಮಾಡುವುದಾದರೂ ಏನು?

ಪ್ರಶ್ನೆ: ಕಾರ್ಪೊರೇಟ್ ಲಾ ಫರ್ಮ್ ಇಟ್ಟುಕೊಂಡು ಮಾಡಿದ ಅಮೆರಿಕದ ಕಾಮಿಡಿ ಶೋಗಳಲ್ಲಿ ಹೊಸ ವಕೀಲರು ರಾತ್ರಿ ಹನ್ನೆರಡಾದರೂ ಆಫೀಸಿನಲ್ಲೇ ಇರುತ್ತಾರೆ. ಜಗಳ ಆಡುತ್ತಾರೆ, ಲವ್ ಮಾಡುತ್ತಾರೆ, ಸೋಫಾ ಮೇಲೆ ನಿದ್ದೆ ಹೋಗುತ್ತಾರೆ. ಕೆಲಸ ಏನು ಅಂತ ಮಾತ್ರ ತೋರಿಸಲ್ಲ. ನಿಜವಾಗಿ ಅವರು ಮಾಡೋದೇನು? ಕೋರ್ಟಿಗೆ ಹೋಗಲ್ವಾ?

ಉತ್ತರ: ಬಹುಪಾಲು ಓದುತ್ತಾರೆ. ಬೇರೆಯವರು ಬರೆದ ಒಪ್ಪಂದ, ಬೇರೆಯವರು ಕಳಿಸಿದ ಇಮೇಲ್, ಬೇರೆಯವರು ತಿದ್ದಿದ ಕರಡು. ಓದಿ ಮುಗಿದ ಮೇಲೆ ಎಷ್ಟು ಹೊತ್ತು ಓದಿದೆವು ಅಂತ ಬರೆದಿಡುತ್ತಾರೆ. ಇದನ್ನೇ ಅರ್ಧ ಗಂಟೆ ತೋರಿಸಿದರೆ ಯಾರು ನೋಡುತ್ತಾರೆ ಹೇಳಿ? ಹಾಗಾಗಿ ಶೋ ಬರೆಯುವವರು ಕೆಲಸವನ್ನು ಪಕ್ಕಕ್ಕೆ ಸರಿಸಿ ಪ್ರೇಮ, ಕೋರ್ಟು, ಬಾಸ್‌ನ ಹುಚ್ಚಾಟ ಹಿಡಿದುಕೊಳ್ಳುತ್ತಾರೆ. ನನಗೆ ಕೇಳಿದರೆ ಇದರಲ್ಲಿ ನಷ್ಟ ಅವರದ್ದೇ. ಒಳ್ಳೆಯ ತಮಾಷೆ ಇರುವುದು ಆ ಬೋರು ಹೊಡೆಸುವ ಕೆಲಸದಲ್ಲೇ.

ಮೊದಲು ಕೋರ್ಟ್ ವಿಷಯ ಮುಗಿಸೋಣ. ದೊಡ್ಡ ಫರ್ಮ್‌ನಲ್ಲಿ ಮುಖ್ಯವಾಗಿ ಎರಡು ಬಗೆಯ ವಕೀಲರಿರುತ್ತಾರೆ. ಒಂದು ಗುಂಪು ಡೀಲ್ ನೋಡಿಕೊಳ್ಳುತ್ತದೆ: ಒಂದು ಕಂಪನಿ ಇನ್ನೊಂದನ್ನು ಕೊಳ್ಳುವುದು, ಸಾಲ ಎತ್ತುವುದು, ಷೇರು ಬಿಡುವುದು. ಇವರು ಕೋರ್ಟಿನ ಮೆಟ್ಟಿಲು ಹತ್ತದೆಯೇ ರಿಟೈರ್ ಆಗಬಹುದು. ಇನ್ನೊಂದು ಗುಂಪು ವ್ಯಾಜ್ಯ ನೋಡಿಕೊಳ್ಳುತ್ತದೆ. ಅವರಿಗೂ ಜಡ್ಜ್ ಮುಂದೆ ನಿಲ್ಲುವ ಅವಕಾಶ ಬೇಗ ಸಿಗಲ್ಲ. ಅಮೆರಿಕದ ಫೆಡರಲ್ ಕೋರ್ಟುಗಳಲ್ಲಿ ಪೂರ್ತಿ ವಿಚಾರಣೆ ತನಕ ಹೋಗುವ ಸಿವಿಲ್ ಕೇಸುಗಳು ನೂರಕ್ಕೆ ಸುಮಾರು ಒಂದು ಅಷ್ಟೇ. ಉಳಿದವು ರಾಜಿಯಾಗುತ್ತವೆ ಅಥವಾ ಅದಕ್ಕೂ ಮೊದಲೇ ಬಿದ್ದುಹೋಗುತ್ತವೆ. ಆ ಒಂದರಲ್ಲೂ ಎದ್ದು ನಿಂತು ವಾದ ಮಾಡುವವರು ಸಾಮಾನ್ಯವಾಗಿ ಪಾರ್ಟ್ನರ್, ಅಂದರೆ ಫರ್ಮ್‌ನಲ್ಲಿ ಪಾಲು ಇರುವ ಹಿರಿಯ ವಕೀಲರು. ಹೊಸಬರು ಹಿಂದೆ ಫೈಲು ಹಿಡಿದು ಕೂತಿರುತ್ತಾರೆ.

ಇನ್ನೊಂದು ವಿಚಿತ್ರ ಇದೆ. ಲಾ ಓದು ಮುಗಿಸಿದವರು ಜುಲೈ ಕೊನೆಯಲ್ಲಿ ಬಾರ್ ಪರೀಕ್ಷೆ, ಅಂದರೆ ವಕೀಲಿ ಪರವಾನಗಿಗೆ ಬೇಕಾದ ಪರೀಕ್ಷೆ, ಬರೆಯುತ್ತಾರೆ. ಫಲಿತಾಂಶ ಬರುವಷ್ಟರಲ್ಲಿ ಎಷ್ಟೋ ಜನ ಕೆಲಸಕ್ಕೆ ಸೇರಿಯೇ ಆಗಿರುತ್ತದೆ. ಪಾಸಾದರೂ ಪ್ರಮಾಣ ವಚನ ಆಗುವ ತನಕ ಕಾಯಬೇಕು. ಅಂದರೆ ಲಾ ಫರ್ಮ್‌ನಲ್ಲಿ ಸೂಟು ಹಾಕಿಕೊಂಡು ಓಡಾಡುವ ಈ ಹುಡುಗ ಹುಡುಗಿಯರು ಮೊದಲ ಕೆಲವು ತಿಂಗಳು ಕಾನೂನಿನ ಲೆಕ್ಕದಲ್ಲಿ ವಕೀಲರೇ ಅಲ್ಲ!

ಈಗ ಆ ರಾತ್ರಿ ಕೆಲಸ. ಒಂದು ಕಂಪನಿ ಇನ್ನೊಂದನ್ನು ಕೊಳ್ಳುತ್ತಿದೆ ಅಂದುಕೊಳ್ಳಿ. ಮಾರುವ ಕಂಪನಿ ತನ್ನ ಕಾಗದಪತ್ರವನ್ನೆಲ್ಲ ಆನ್‌ಲೈನ್‌ನಲ್ಲಿ ಒಂದು ಕಡೆ ತುಂಬಿಸುತ್ತದೆ. ಅದಕ್ಕೆ ಡೇಟಾ ರೂಮ್ ಅಂತಾರೆ. ಕೊಳ್ಳುವವರ ಪರವಾಗಿ ಹೊಸ ಅಸೋಸಿಯೇಟ್ (ಫರ್ಮ್‌ನಲ್ಲಿ ಸಂಬಳಕ್ಕಿರುವ ಕಿರಿಯ ವಕೀಲೆ) ಅದರೊಳಗೆ ಇಳಿಯುತ್ತಾಳೆ. ಬಾಡಿಗೆ ಕರಾರು, ಸಾಲದ ಪತ್ರ, ಸರಬರಾಜಿನ ಒಪ್ಪಂದ, ಸಾಫ್ಟ್‌ವೇರ್ ಲೈಸೆನ್ಸ್, ಕಾಫಿ ಮಷೀನಿನ ಗುತ್ತಿಗೆ ಕೂಡ. ಅವಳು ಹುಡುಕುವುದು ಕೆಲವೇ ಸಾಲುಗಳನ್ನು. ಒಂದು ಕರಾರಿನ 31ನೇ ಪುಟದಲ್ಲಿ, ನೋಟಿಸ್ ಯಾವ ವಿಳಾಸಕ್ಕೆ ಕಳಿಸಬೇಕು ಅನ್ನುವುದಕ್ಕೂ ಮೊದಲು, 'ಕಂಪನಿಯ ಒಡೆತನ ಬದಲಾದರೆ ಈ ಒಪ್ಪಂದ ರದ್ದು ಮಾಡುವ ಹಕ್ಕು ನಮಗಿದೆ' ಅಂತ ಒಂದು ವಾಕ್ಯ ಕೂತಿರಬಹುದು. ಅದು ಮಾರುವ ಕಂಪನಿಯ ಅತಿ ದೊಡ್ಡ ಗಿರಾಕಿಯ ಒಪ್ಪಂದವಾಗಿದ್ದರೆ? ಕೊಂಡ ಮರುದಿನವೇ ಆ ಗಿರಾಕಿ ಎದ್ದು ಹೋಗಬಹುದು. ಸಿಕ್ಕಿದರೆ ಕೋಷ್ಟಕದಲ್ಲಿ ಒಂದು ಸಾಲು ತುಂಬಿ ಮುಂದಿನ ಕಾಗದಕ್ಕೆ ಹೋಗುತ್ತಾಳೆ. ಶಹಬ್ಬಾಸ್ ಅನ್ನುವವರು ಯಾರೂ ಇಲ್ಲ. ತಪ್ಪಿಸಿಕೊಂಡರೆ ಮಾತ್ರ ಎಲ್ಲರಿಗೂ ಅವಳ ಹೆಸರು ಗೊತ್ತಾಗುತ್ತದೆ.

ವ್ಯಾಜ್ಯದ ಕಡೆಯವರದ್ದೂ ಇದೇ ಕಥೆ. ಅಲ್ಲಿ ಓದುವುದು ಸಾವಿರಾರು ಇಮೇಲ್. ಕೇಸಿಗೆ ಸಂಬಂಧ ಇದೆಯಾ, ವಕೀಲರ ಜೊತೆಗಿನ ಗುಟ್ಟಿನ ಮಾತಾ ಅಂತ ಗುರುತು ಹಾಕುತ್ತಾ ಹೋಗಬೇಕು. ಮುಂಚೆ ರಟ್ಟಿನ ಡಬ್ಬಗಳ ಮಧ್ಯೆ ಕೂತು ಮಾಡುತ್ತಿದ್ದರು, ಈಗ ಸಾಫ್ಟ್‌ವೇರ್ ಮುಂದೆ.

ಒಂದು ಕಾಮಾ ನೋಡಲು ಇಷ್ಟು ಸಂಬಳ ಯಾಕೆ ಅಂತ ಕೇಳುವವರಿಗೆ ಅಮೆರಿಕದ ಮೇನ್ ರಾಜ್ಯದ ಹಾಲಿನ ಡೈರಿ ಕೇಸು ಹೇಳಬೇಕು. ಯಾವ ಯಾವ ಕೆಲಸಕ್ಕೆ ಓವರ್‌ಟೈಮ್ ಕೊಡಬೇಕಾಗಿಲ್ಲ ಅಂತ ಆ ರಾಜ್ಯದ ಕಾನೂನಿನಲ್ಲಿ ಒಂದು ಪಟ್ಟಿ ಇತ್ತು. ಅದರ ಕೊನೆಯಲ್ಲಿ 'ಸಾಗಣೆಗೆ ಪ್ಯಾಕ್ ಮಾಡುವುದು ಅಥವಾ ಹಂಚುವುದು' ಅನ್ನುವ ಕಡೆ 'ಅಥವಾ'ಗೆ ಮುಂಚೆ ಒಂದು ಕಾಮಾ ಇರಲಿಲ್ಲ. ಕಾಮಾ ಇಲ್ಲದ ಕಾರಣ ಇಂಗ್ಲಿಷಿನಲ್ಲಿ ಅದನ್ನು 'ಸಾಗಣೆಗೋ ಹಂಚಿಕೆಗೋ ಪ್ಯಾಕ್ ಮಾಡುವುದು' ಅಂತ ಓದಬಹುದು, ಹಾಗಾಗಿ ಪ್ಯಾಕಿಂಗ್ ಕೆಲಸ ಮಾತ್ರ ಪಟ್ಟಿಗೆ ಸೇರುತ್ತದೆ, ನಾವು ಹಂಚುವವರು, ನಮಗೆ ಓವರ್‌ಟೈಮ್ ಬೇಕು ಅಂತ ಟ್ರಕ್ ಡ್ರೈವರ್‌ಗಳು ವಾದಿಸಿದರು. 2017ರಲ್ಲಿ ಫೆಡರಲ್ ಅಪೀಲು ಕೋರ್ಟು ಅವರ ಕಡೆ ನಿಂತಿತು. 2018ರಲ್ಲಿ ಡೈರಿ 50 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು. ರಾತ್ರಿ ಎರಡು ಗಂಟೆಗೆ ಕರಡಿನ ಹಳೇ ಪ್ರತಿ, ಹೊಸ ಪ್ರತಿ ಪಕ್ಕಪಕ್ಕ ಇಟ್ಟು ಕಣ್ಣು ಉಜ್ಜಿಕೊಳ್ಳುವ ಆ ಹುಡುಗನ ಭಯ ಸುಮ್ನೆ ಅಲ್ಲ.

ಇನ್ನು ಗಡಿಯಾರ. ನನಗೆ ಈ ಇಡೀ ಲೋಕದಲ್ಲಿ ಅತಿ ಹೆಚ್ಚು ನಗು ಬರಿಸುವುದು ಇದೇ. ದೊಡ್ಡ ಫರ್ಮ್‌ಗಳು ಹೆಚ್ಚಾಗಿ ಗಂಟೆ ಲೆಕ್ಕದಲ್ಲಿ ಬಿಲ್ ಮಾಡುತ್ತವೆ. ಒಂದು ಗಂಟೆಯನ್ನು ಹತ್ತು ತುಂಡು ಮಾಡುತ್ತಾರೆ. ಒಂದು ತುಂಡು ಆರು ನಿಮಿಷ, ಬರೆಯುವುದು 0.1 ಅಂತ. ಕ್ಲೈಂಟ್ ಜೊತೆ ಫೋನಿನಲ್ಲಿ ಸ್ವಲ್ಪ ಮಾತಾಡಿದರೆ 0.1. ಇಮೇಲ್ ಓದಿ ಉತ್ತರ ಬರೆದರೆ 0.2. ಪಕ್ಕದ ಕೋಣೆಯವನು ಬಂದು ತನ್ನ ಪ್ರೇಮದ ಗೋಳು ಹೇಳಿಕೊಂಡರೆ? ಅದನ್ನು ಯಾವ ಕ್ಲೈಂಟಿನ ತಲೆಗೆ ಕಟ್ಟುವುದು! ಟಿವಿಯಲ್ಲಿ ಇವರು ಕಾರಿಡಾರಿನಲ್ಲಿ ನಿಂತು ಹರಟೆ ಹೊಡೆಯುವುದನ್ನು ನೋಡಿದಾಗಲೆಲ್ಲ ನನಗೆ ಬರುವುದು ಇದೇ ಯೋಚನೆ.

ಇದು ಮೊದಲಿನಿಂದ ಹೀಗಿರಲಿಲ್ಲ. 1958ರಲ್ಲಿ ಅಮೆರಿಕದ ವಕೀಲರ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್ ಒಂದು ಕಿರುಹೊತ್ತಿಗೆ ತಂದು, ಸಮಯದ ಲೆಕ್ಕ ಇಡಿ, ಆಗ ಆದಾಯ ಏರುತ್ತದೆ ಅಂತ ವಕೀಲರಿಗೆ ಬುದ್ಧಿ ಹೇಳಿತು. ಒಬ್ಬ ವಕೀಲನಿಗೆ ವರ್ಷಕ್ಕೆ ಬಿಲ್ ಮಾಡಲು ಸಿಗುವುದು ಸುಮಾರು 1,300 ಗಂಟೆ ಅಂತ ಆಗಿನ ಲೆಕ್ಕ. 1975ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ವಕೀಲರ ಸಂಘ ಒಂದೊಂದು ಕೆಲಸಕ್ಕೆ ಇಷ್ಟು ಅಂತ ಕನಿಷ್ಠ ಫೀಸು ನಿಗದಿ ಮಾಡುವ ಪದ್ಧತಿಯನ್ನು ತಪ್ಪು ಅಂದಿತು. ಗಂಟೆ ಲೆಕ್ಕ ಇನ್ನೂ ಗಟ್ಟಿಯಾಯಿತು. ಈಗ ದೊಡ್ಡ ಫರ್ಮ್‌ಗಳಲ್ಲಿ ಗುರಿ 1,900ರಿಂದ 2,000 ಗಂಟೆ. ವರ್ಷಕ್ಕೆ 50 ವಾರ, ವಾರಕ್ಕೆ 40 ಗಂಟೆ ಹಿಡಿದರೂ ಪ್ರತಿ ನಿಮಿಷ ಬಿಲ್ ಆದರೆ ಮಾತ್ರ 2,000 ಮುಟ್ಟುತ್ತದೆ. ಊಟ, ತರಬೇತಿ, ಆಫೀಸಿನ ಮೀಟಿಂಗು ಯಾವುದೂ ಲೆಕ್ಕಕ್ಕಿಲ್ಲ. ಎಂಟು ಗಂಟೆ ಬಿಲ್ ಮಾಡಬೇಕಾದರೆ ಹತ್ತು ಹನ್ನೊಂದು ಗಂಟೆ ಕೂರಬೇಕು. ಆಫೀಸಿನಲ್ಲಿ ರಾತ್ರಿ ಆಗುವುದು ಹೀಗೆ. ಇಷ್ಟು ಕೂತು ಬರೆದ ಗಂಟೆಗಳಲ್ಲಿ ಒಂದಷ್ಟನ್ನು ಪಾರ್ಟ್ನರ್ ಬಿಲ್ಲಿನಿಂದ ಹೊಡೆದು ಹಾಕುವುದೂ ಉಂಟು. ಕಲಿಯುವ ಹುಡುಗರ ಸಮಯಕ್ಕೆ ನಾವ್ಯಾಕೆ ದುಡ್ಡು ಕೊಡಬೇಕು ಅಂತ ಕೆಲವು ಕ್ಲೈಂಟ್‌ಗಳು ತಕರಾರು ತೆಗೆಯುತ್ತಾರೆ.

ಹಾಗಾದರೆ ಯಾಕೆ ಸಹಿಸಿಕೊಳ್ಳುತ್ತಾರೆ? ಸಂಬಳ ಒಂದು. ನ್ಯೂಯಾರ್ಕಿನ ದೊಡ್ಡ ಫರ್ಮ್‌ಗಳಲ್ಲಿ ಮೊದಲ ವರ್ಷದವರಿಗೇ ವರ್ಷಕ್ಕೆ 2,25,000 ಡಾಲರ್, ಬೋನಸ್ ಬೇರೆ. ಕಾಲೇಜು ಸಾಲ ತಲೆ ಮೇಲೆ ಇರುವವರಿಗೆ ಬೇಡ ಅನ್ನುವುದು ಕಷ್ಟ. ಎರಡನೆಯದು ಏಣಿ. 20ನೇ ಶತಮಾನದ ಆರಂಭದಲ್ಲಿ ನ್ಯೂಯಾರ್ಕಿನ ವಕೀಲ ಪಾಲ್ ಕ್ರಾವತ್ ಹಾಕಿಕೊಟ್ಟ ಪದ್ಧತಿ ಇದು: ಒಳ್ಳೆಯ ಕಾಲೇಜಿನಿಂದ ನೇರ ಎಳೆಯರನ್ನು ತೆಗೆದುಕೊಳ್ಳಿ, ತಿದ್ದಿ ತೀಡಿ, ಕೆಲವು ವರ್ಷದ ಮೇಲೆ ಪಾರ್ಟ್ನರ್ ಮಾಡಿ, ಆಗದವರನ್ನು ಹೊರಗೆ ಕಳಿಸಿ. ಜೊತೆಗೆ ಸೇರಿದವರಲ್ಲಿ ಕೊನೆಗೆ ಮೇಲೇರುವವರು ಬಹಳ ಕಡಿಮೆ. ಗೆಳೆಯರೂ ಅವರೇ, ಪೈಪೋಟಿಯೂ ಅವರ ಜೊತೆಗೇ. ಕಾಮಿಡಿಗೆ ಇದಕ್ಕಿಂತ ಒಳ್ಳೆಯ ಸರಕು ಬೇಕಾ?

ಶೋಗಳ ವಿಷಯಕ್ಕೆ ಬಂದರೆ, 'ಆಲಿ ಮೆಕ್‌ಬೀಲ್' 1997ರಿಂದ 2002ರ ತನಕ ಫಾಕ್ಸ್ ಚಾನೆಲ್‌ನಲ್ಲಿ ಓಡಿತು, 1999ರಲ್ಲಿ ಅತ್ಯುತ್ತಮ ಕಾಮಿಡಿಯ ಎಮ್ಮಿ ಟಿವಿ ಪ್ರಶಸ್ತಿ ಗೆದ್ದಿತು. ನನಗೂ ಇಷ್ಟ. ಆದರೆ ಅದು ಬಾಸ್ಟನ್ನಿನ ಸಣ್ಣ ಫರ್ಮ್, ಅಲ್ಲಿನವರು ಮಾತೆತ್ತಿದರೆ ಕೋರ್ಟಿನಲ್ಲಿರುತ್ತಾರೆ. ನಿಮ್ಮ ಪ್ರಶ್ನೆಗೆ ಅದರಲ್ಲಿ ಉತ್ತರ ಸಿಗಲ್ಲ. 'ಸೂಟ್ಸ್' ಕಾಮಿಡಿ ಅಲ್ಲ, ಆದರೂ ಕೇಳುವವರು ಜಾಸ್ತಿ: ಲಾ ಓದದವನು ಅದರ ನಾಯಕನ ಹಾಗೆ ವರ್ಷಗಟ್ಟಲೆ ವಕೀಲಿ ಮಾಡಬಹುದಾ? ಮಾಡಿದರೆ ಅಪರಾಧ. ವಕೀಲರ ಹೆಸರು ರಾಜ್ಯದ ಪಟ್ಟಿಯಲ್ಲಿ ಇರುತ್ತದೆ, ಯಾರು ಬೇಕಾದರೂ ಹುಡುಕಿ ನೋಡಬಹುದು.

ನೀವು ಕೇಳಿದ್ದಕ್ಕೆ ಹತ್ತಿರ ಬರುವುದು ಎಬಿಸಿ ಚಾನೆಲ್‌ನ ಹಳೆಯ ಸಿಟ್‌ಕಾಮ್ 'ದಿ ಅಸೋಸಿಯೇಟ್ಸ್'. 1979ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು, 'ಟ್ಯಾಕ್ಸಿ' ಅನ್ನುವ ಸಿಟ್‌ಕಾಮ್ ಮಾಡಿದ ತಂಡದ್ದೇ. ವಾಲ್ ಸ್ಟ್ರೀಟಿನ 'ಬ್ಯಾಸ್ ಅಂಡ್ ಮಾರ್ಷಲ್' ಅನ್ನುವ ಕಲ್ಪನೆಯ ಫರ್ಮ್, ಅದರ ಮೇಲೆ ಎಮರ್ಸನ್ ಮಾರ್ಷಲ್ ಎಂಬ ಮುದಿ ಪಾರ್ಟ್ನರ್, ಕೆಳಗೆ ಈಗಷ್ಟೇ ಸೇರಿದ ಎಳೆಯರು. ಮಾರ್ಷಲ್ ಆಗಿ ವಿಲ್ಫ್ರಿಡ್ ಹೈಡ್-ವೈಟ್, ಎಳೆಯರಲ್ಲಿ ಒಬ್ಬನಾಗಿ ಇನ್ನೂ ಹೆಸರು ಮಾಡಿರದ ಮಾರ್ಟಿನ್ ಶಾರ್ಟ್. ಮೇಲಿನವರು, ಕೆಳಗಿನವರು ಅನ್ನುವ ಆ ಅಂತರದಿಂದಲೇ ನಗು ತೆಗೆಯುವ ಶೋ ಅದು. ಮಾಡಿದ್ದು 13 ಎಪಿಸೋಡ್ ಮಾತ್ರ, 1980ರಲ್ಲೇ ನಿಂತುಹೋಯಿತು.