ಚಿತ್ರದಲ್ಲಿ ಮಗುವಿನ ಭಯವನ್ನು ಅರಿಯುವುದು: ವಿಶೇಷ ಶಿಕ್ಷಣ ಓದುವವರಿಗೆ ಟಿಪ್ಪಣಿ

ಕಪ್ಪು ಬಣ್ಣ ಬಳಿದರೆ ಖಿನ್ನತೆ. ಕೈಗಳನ್ನು ಬರೆಯದಿದ್ದರೆ ಅಸಹಾಯಕತೆ. ಹಲ್ಲು ತೋರಿಸಿದರೆ ಸಿಟ್ಟು, ಮನುಷ್ಯ ತೀರಾ ಚಿಕ್ಕದಾಗಿದ್ದರೆ ಕೀಳರಿಮೆ. ಮಕ್ಕಳ ಚಿತ್ರಗಳ ಬಗ್ಗೆ ಓದಲು ಕೂತವರಿಗೆ ಮೊದಲು ಸಿಗುವುದು ಇಂಥ ಪಟ್ಟಿಯೇ. ಬಾಯಿಪಾಠ ಮಾಡಲು ಸುಲಭ, ಪರೀಕ್ಷೆಯಲ್ಲಿ ಬರೆಯಲೂ ಸುಲಭ. ಆದರೆ ಆಟಿಸಂ, ಬೌದ್ಧಿಕ ಅಸಾಮರ್ಥ್ಯ, ಡೌನ್ ಸಿಂಡ್ರೋಮ್ ಅಥವಾ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಸ್ನಾಯುಗಳ ಹಿಡಿತ ತಪ್ಪುವ ಸ್ಥಿತಿ) ಇರುವ ಮಗುವಿನ ಎದುರು ಇದೇ ಪಟ್ಟಿ ಹಿಡಿದು ಕೂತರೆ, ಇಲ್ಲದ ದುಃಖವನ್ನು ಆ ಮಗುವಿನ ಮೇಲೆ ಹೊರಿಸುತ್ತೇವೆ, ಇರುವ ಭಯ ಕಣ್ಣಿಗೆ ಬೀಳದೆ ಹೋಗುತ್ತದೆ. ಚಿತ್ರವನ್ನು ಮಗುವಿನ ಜೊತೆ ಕೂತು ಮಾತಾಡುವ ಜಾಗವಾಗಿ ನೋಡಬೇಕು ಎಂಬುದು ಈ ಟಿಪ್ಪಣಿಯ ವಾದ.

ಪಟ್ಟಿ ಬಂದ ದಾರಿ

1926ರಲ್ಲಿ ಅಮೆರಿಕದ ಮನೋವಿಜ್ಞಾನಿ ಫ್ಲಾರೆನ್ಸ್ ಗುಡ್‌ಇನಫ್ ‘ಮನುಷ್ಯನ ಚಿತ್ರ ಬರೆ’ ಎಂಬ ಪರೀಕ್ಷೆ ತಂದರು. ಕಣ್ಣು, ಕತ್ತು, ಬೆರಳು ಹೀಗೆ ಒಂದೊಂದು ವಿವರಕ್ಕೂ ಅಂಕ. ಅಳೆಯುತ್ತಿದ್ದದ್ದು ಬೌದ್ಧಿಕ ಬೆಳವಣಿಗೆಯನ್ನು, ಭಾವನೆಯನ್ನಲ್ಲ. ಬರೋಡದ ಪ್ರಮೀಳಾ ಫಾಟಕ್ ಅದನ್ನು ಭಾರತೀಯ ಮಕ್ಕಳಿಗೆ ಒಗ್ಗಿಸಿದರು. ಚಿತ್ರದಿಂದ ವ್ಯಕ್ತಿತ್ವವನ್ನು ಓದುವ ಪ್ರಯತ್ನಗಳು ಆಮೇಲೆ ಬಂದವು: 1948ರಲ್ಲಿ ಜಾನ್ ಬಕ್ ಅವರ ಮನೆ–ಮರ–ಮನುಷ್ಯ ಪರೀಕ್ಷೆ, 1949ರಲ್ಲಿ ಮನುಷ್ಯನ ಚಿತ್ರದಿಂದಲೇ ವ್ಯಕ್ತಿತ್ವ ಓದಲು ಹೊರಟ ಕ್ಯಾರೆನ್ ಮ್ಯಾಕೋವರ್, 1968ರಲ್ಲಿ 30 ‘ಭಾವನಾತ್ಮಕ ಸೂಚಕ’ಗಳನ್ನು ಕೊಟ್ಟ ಎಲಿಜಬೆತ್ ಕೊಪ್ಪಿಟ್ಜ್, 1970ರಲ್ಲಿ ಕುಟುಂಬದವರೆಲ್ಲ ಏನಾದರೂ ಮಾಡುತ್ತಿರುವಂತೆ ಬರೆಸುವ ಬರ್ನ್ಸ್ ಮತ್ತು ಕೌಫ್‌ಮನ್.

ಈ ಸಾಲಿನ ಪಕ್ಕದಲ್ಲೇ 1967ರ ಒಂದು ಪ್ರಯೋಗವನ್ನೂ ಬರೆದಿಟ್ಟುಕೊಳ್ಳಿ. ಲೊರೆನ್ ಮತ್ತು ಜೀನ್ ಚಾಪ್‌ಮನ್ ಎಂಬ ಮನೋವಿಜ್ಞಾನಿಗಳು ಮನುಷ್ಯ ಚಿತ್ರಗಳನ್ನೂ ರೋಗಲಕ್ಷಣಗಳನ್ನೂ ಪರಸ್ಪರ ಸಂಬಂಧವೇ ಇಲ್ಲದಂತೆ ಜೋಡಿಸಿ, ಯಾವ ತರಬೇತಿಯೂ ಇಲ್ಲದ ಕಾಲೇಜು ವಿದ್ಯಾರ್ಥಿಗಳಿಗೆ ತೋರಿಸಿದರು. ಆದರೂ ಆ ವಿದ್ಯಾರ್ಥಿಗಳು ‘ಸಂಶಯ ಸ್ವಭಾವದವರು ಕಣ್ಣನ್ನು ವಿಚಿತ್ರವಾಗಿ ಬರೆಯುತ್ತಾರೆ’ ಎಂದು ಕಂಡುಕೊಂಡೆವೆಂದರು. ಅನುಭವಿ ಚಿಕಿತ್ಸಕರೂ ಅದನ್ನೇ ಹೇಳುತ್ತಿದ್ದರು. ಆ ಸಂಬಂಧ ಕಾಗದದ ಮೇಲೆ ಇರಲಿಲ್ಲ, ನೋಡುವವರ ತಲೆಯಲ್ಲಿತ್ತು. ನಮ್ಮ ಓದಿಗೆ ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ಪ್ರಯೋಗ ಇನ್ನೊಂದಿಲ್ಲ. ಒಂದೊಂದು ಸೂಚಕಕ್ಕೆ ಒಂದೊಂದು ಅರ್ಥ ಹಚ್ಚುವುದಕ್ಕೆ ಗಟ್ಟಿ ಆಧಾರವಿಲ್ಲವೆಂದು 1998ರಲ್ಲಿ ಗ್ಲಿನ್ ಥಾಮಸ್ ಮತ್ತು ರಿಚರ್ಡ್ ಜಾಲಿ ಕೂಡ ವಿವರವಾಗಿ ತೋರಿಸಿದರು.

ನಮ್ಮ ಮಕ್ಕಳ ವಿಷಯದಲ್ಲಿ ತೊಡಕು ಎಲ್ಲಿ

ಕೊಪ್ಪಿಟ್ಜ್ ಅವರ ಸೂಚಕಗಳನ್ನೇ ತೆಗೆದುಕೊಳ್ಳೋಣ. ಅಂಗಾಂಗಗಳು ಸರಿಯಾಗಿ ಕೂಡಿಕೊಳ್ಳದಿರುವುದು, ಎಡಬಲ ಹೊಂದದಿರುವುದು, ಆಕೃತಿ ಓರೆಯಾಗಿರುವುದು, ಕೈ ಅಥವಾ ಕತ್ತು ಇಲ್ಲದಿರುವುದು. ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಕೈ ಬಿಗಿಯಾದಾಗ ಮೊದಲು ಕಾಣುವುದೇ ಈ ಓರೆ, ಈ ಹೊಂದಾಣಿಕೆಯ ಕೊರತೆ. ಅದು ಸ್ನಾಯುವಿನ ಸುದ್ದಿ, ಮನಸ್ಸಿನದ್ದಲ್ಲ. ಸೂಚಕಗಳಲ್ಲಿ ಎಷ್ಟೋ ಇಂತಿಷ್ಟು ವಯಸ್ಸಿನ ಮೇಲೆ ಮಾತ್ರ ಲೆಕ್ಕಕ್ಕೆ ಬರುತ್ತವೆ ಎಂದು ಕೊಪ್ಪಿಟ್ಜ್ ಅವರೇ ಹೇಳಿದ್ದರು. ಪಟ್ಟಿಯನ್ನು ನಕಲು ಮಾಡುವವರು ಈ ಷರತ್ತನ್ನು ಬಿಟ್ಟುಬಿಡುತ್ತಾರೆ. ಹತ್ತು ವರ್ಷದ, ಆದರೆ ಚಿತ್ರದ ಬೆಳವಣಿಗೆಯಲ್ಲಿ ನಾಲ್ಕೈದರ ಹಂತದಲ್ಲಿರುವ ಹುಡುಗಿ ತಲೆಯಿಂದಲೇ ನೇರವಾಗಿ ಕಾಲು ಇಳಿಸಿದ ಮನುಷ್ಯನನ್ನು ಬರೆದರೆ, ಆ ಹಂತದ ಎಷ್ಟೋ ಮಕ್ಕಳು ಬರೆಯುವುದನ್ನೇ ಅವಳೂ ಬರೆದಿದ್ದಾಳೆ. ಹಾಗಾಗಿ ಹುಟ್ಟಿದ ದಿನಾಂಕ ನೋಡುವ ಮೊದಲು ಮಗು ಗೀಚುವ ಹಂತದಲ್ಲಿದೆಯೋ, ತಲೆ–ಕಾಲಿನ ಹಂತದಲ್ಲಿದೆಯೋ, ನೆಲದ ಗೆರೆ ಎಳೆದು ಅದರ ಮೇಲೆ ಎಲ್ಲವನ್ನೂ ನಿಲ್ಲಿಸುವ ಹಂತ ಮುಟ್ಟಿದೆಯೋ ನೋಡಿಕೊಳ್ಳಿ.

ಬಣ್ಣದ ವಿಷಯವೂ ಹೀಗೆಯೇ. ಮಕ್ಕಳು ಒಳ್ಳೆಯ ವ್ಯಕ್ತಿಗೆ ತಮಗೆ ಇಷ್ಟದ ಬಣ್ಣವನ್ನೂ ಕೆಟ್ಟ ವ್ಯಕ್ತಿಗೆ ಇಷ್ಟವಿಲ್ಲದ ಬಣ್ಣವನ್ನೂ ಹಾಕುವ ಒಲವು ತೋರಿಸುತ್ತಾರೆಂದು ಎಸ್ತರ್ ಬರ್ಕಿಟ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದರು. ಹಾಗಾದರೆ ಮೊದಲು ತಿಳಿಯಬೇಕಾದ್ದು ಈ ಮಗುವಿನ ಇಷ್ಟದ ಬಣ್ಣ ಯಾವುದು ಎಂದು. ಆಟಿಸಂ ಇರುವ ಮಗು ಕಪ್ಪನ್ನೇ ಹಿಡಿಯಲು ಇನ್ನೂ ಎಷ್ಟೋ ಕಾರಣಗಳಿರಬಹುದು: ಡಬ್ಬಿಯಲ್ಲಿ ಅದೇ ಮೊದಲು ಕೂತಿದೆ, ಉಳಿದವು ಮುರಿದಿವೆ, ಮೇಣದ ಕ್ರೇಯಾನ್ ಅಂಟುತ್ತದೆಂದು ಬೇಡವಾಗಿದೆ, ಸ್ಕೆಚ್ ಪೆನ್ನುಗಳಲ್ಲಿ ಕಪ್ಪು ಮಾತ್ರ ಇದೆ.

ಮಿಕ್ಸಿ, ಕುಕ್ಕರ್, ತಮಟೆ

1943ರಲ್ಲಿ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದ ಹೆಸರಾಂತ ಆಟಿಸಂ ವರದಿಯಲ್ಲೇ ಭಯದ ಮಾತಿದೆ. ಲಿಫ್ಟ್, ವ್ಯಾಕ್ಯೂಮ್ ಕ್ಲೀನರ್, ಹರಿಯುವ ನೀರು, ಮೊಟ್ಟೆ ಕಡೆಯುವ ಸಲಕರಣೆ, ಕೆಲವೊಮ್ಮೆ ಬೀಸುವ ಗಾಳಿ ಕೂಡ ಅವರನ್ನು ನಡುಗಿಸುತ್ತಿತ್ತು. ನಮ್ಮ ಮನೆಗಳಲ್ಲಿ ಆ ಜಾಗದಲ್ಲಿ ಮಿಕ್ಸಿ, ಕುಕ್ಕರಿನ ಸೀಟಿ, ಕಟಿಂಗ್ ಶಾಪಿನ ಟ್ರಿಮ್ಮರ್, ಜಾತ್ರೆಯ ತಮಟೆ, ದೀಪಾವಳಿಯ ಪಟಾಕಿ ಇವೆ. ನಮಗೆ ಭಯವೇ ಅನಿಸದ ವಸ್ತುಗಳಾದ್ದರಿಂದ ಚಿತ್ರದಲ್ಲಿ ಎದುರಿಗೇ ಇದ್ದರೂ ನಾವು ಗುರುತಿಸುವುದಿಲ್ಲ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಆಟಿಸಂ ಇರುವ ಹುಡುಗ ಮನೆಯ ಚಿತ್ರ ಬರೆಯುತ್ತಾನೆ. ಒಂದು ಮೂಲೆಯನ್ನು ಕಪ್ಪಿನಿಂದ ತಿಕ್ಕಿ ತಿಕ್ಕಿ ಮುಚ್ಚುತ್ತಾನೆ. ಅಮ್ಮನನ್ನು ಮನೆಯ ಹೊರಗೆ, ಕಾಗದದ ಅಂಚಿನಲ್ಲಿ ನಿಲ್ಲಿಸುತ್ತಾನೆ. ಪಟ್ಟಿಯ ಪ್ರಕಾರ ತಾಯಿ–ಮಗನ ನಡುವೆ ಏನೋ ಸರಿಯಿಲ್ಲ. ತಾಯಿಯನ್ನು ಕೇಳಿದರೆ ಸಿಗುವ ಉತ್ತರ ಬೇರೆ: “ಮೇಡಂ, ಚಟ್ನಿಗೆ ಮಿಕ್ಸಿ ಹಾಕಿದ್ರೆ ಸಾಕು, ಕಿವಿ ಮುಚ್ಕೊಂಡು ಹೊರಗೆ ಓಡ್ತಾನೆ. ನಾನು ಅಂಗಳಕ್ಕೆ ಬಂದು ತಬ್ಕೊಂಡ ಮೇಲೇನೇ ಸುಮ್ನಾಗೋದು.” ಕಪ್ಪು ಮೂಲೆ ಅಡುಗೆಮನೆ. ಅಮ್ಮ ಹೊರಗಿರುವುದು ಅವನಿಗೆ ನೆಮ್ಮದಿ ಸಿಗುವ ಜಾಗ ಅದಾದ್ದರಿಂದ. ಒಂದೇ ಚಿತ್ರ, ಅರ್ಥ ಪೂರಾ ತಿರುಗುಮುರುಗು.

ಮತ್ತೆ ಮತ್ತೆ ಬರುವ ವಸ್ತುವೆಲ್ಲ ಭಯದ್ದಲ್ಲ. ಪುಟದ ತುಂಬ ಫ್ಯಾನನ್ನೇ ಬರೆಯುವ ಮಗುವಿಗೆ ಫ್ಯಾನ್ ಎಂದರೆ ಪ್ರಾಣ ಇರಬಹುದು. ಭಯವೋ ಖುಷಿಯೋ ಎಂಬುದು ಕಾಗದದಲ್ಲಿ ತಿಳಿಯುವುದಿಲ್ಲ, ಬರೆಯುವಾಗಿನ ಮೈಯಲ್ಲಿ ತಿಳಿಯುತ್ತದೆ. ಉಸಿರು ಬಿಗಿಯಾಯಿತೇ, ಒತ್ತಿ ಒತ್ತಿ ಕಾಗದ ಹರಿಯಿತೇ, ಬರೆದದ್ದನ್ನು ಅಂಗೈಯಿಂದ ಮುಚ್ಚಿತೇ, ಅಥವಾ ಗುನುಗುತ್ತಾ ಕೈ ಬೀಸುತ್ತಾ ಬರೆಯಿತೇ? ಆದ್ದರಿಂದ ಮುಗಿದ ಚಿತ್ರವನ್ನು ಮಾತ್ರ ಕೈಗೆ ಕೊಟ್ಟು ‘ಏನು ಹೇಳುತ್ತದೆ ನೋಡಿ’ ಎಂದರೆ ಒಪ್ಪಿಕೊಳ್ಳಬೇಡಿ.

ಕೇಳುವ ಬಗೆ

ನ್ಯೂಜಿಲೆಂಡಿನ ಜೂಲಿಯನ್ ಗ್ರಾಸ್ ಮತ್ತು ಹಾರ್ಲೀನ್ ಹೇಯ್ನ್ 1998ರಲ್ಲಿ 3ರಿಂದ 6 ವರ್ಷದ ಮಕ್ಕಳನ್ನು ಅವರಿಗೆ ಭಯ, ಸಂತೋಷ ತಂದ ಘಟನೆಗಳ ಬಗ್ಗೆ ಮಾತಾಡಿಸಿದರು. ಬರೆಯುತ್ತಾ ಹೇಳಿದ ಮಕ್ಕಳು, ಬರೀ ಬಾಯಲ್ಲಿ ಹೇಳಿದವರಿಗಿಂತ ಎರಡರಷ್ಟಕ್ಕೂ ಹೆಚ್ಚು ವಿವರ ಕೊಟ್ಟರು. ಅದು ಸಾಮಾನ್ಯ ಬೆಳವಣಿಗೆಯ ಮಕ್ಕಳ ಅಧ್ಯಯನ. ಆದರೂ ಚಿತ್ರದ ನಿಜವಾದ ಉಪಯೋಗ ಎಲ್ಲಿದೆಯೆಂದು ಅದರಿಂದ ಗೊತ್ತಾಗುತ್ತದೆ. ಚಿತ್ರ ಮಾತಿಗೆ ಆಸರೆ ಕೊಡುತ್ತದೆ.

ಆ ಮಾತನ್ನು ಹೊರಡಿಸುವಾಗ ಎರಡು ಎಚ್ಚರ ಬೇಕು. ಕೇಳಿದ್ದನ್ನೇ ಮರುನುಡಿಯುವ ಮಗುವಿಗೆ “ಹೆದರಿಕೆ ಆಯ್ತಾ?” ಎಂದರೆ “ಹೆದರಿಕೆ ಆಯ್ತಾ” ಎಂದೇ ಹೇಳುತ್ತದೆ. ನಾವು ಅದನ್ನು ಉತ್ತರವೆಂದು ಬರೆದುಕೊಳ್ಳುತ್ತೇವೆ. ಬೌದ್ಧಿಕ ಅಸಾಮರ್ಥ್ಯ ಇರುವ ಎಷ್ಟೋ ಮಕ್ಕಳು ದೊಡ್ಡವರು ಏನು ಕೇಳಿದರೂ “ಹೂಂ” ಎನ್ನುತ್ತಾರೆ. “ಯಾಕೆ ಹೀಗೆ ಬರೆದೆ?” ಎಂಬುದಂತೂ ಮಾತು ಬಲ್ಲ ಮಕ್ಕಳಿಗೂ ಕಷ್ಟದ ಪ್ರಶ್ನೆ. “ಪುಟ್ಟ, ಇದು ಯಾರು? ಇವರು ಏನು ಮಾಡ್ತಿದ್ದಾರೆ? ಆಮೇಲೆ ಏನಾಯ್ತು?” ಇಷ್ಟು ಸಾಕು. ಕಾಯಿರಿ, ಸುಮ್ಮನೆ ಕಾಯಿರಿ. ಮಾತಿಲ್ಲದ ಮಗುವಿನ ಮುಂದೆ ಮುಖಗಳ ಕಾರ್ಡು, ವಸ್ತುಗಳ ಫೋಟೊ ಇಟ್ಟು ಬೆರಳು ತೋರಿಸಲು ಬಿಡಿ. ‘ಯಾವುದೂ ಅಲ್ಲ’ ಎನ್ನುವುದಕ್ಕೂ ಒಂದು ಕಾರ್ಡು ಇರಲೇಬೇಕು. ತಮ್ಮ ಭಾವನೆಗೆ ಹೆಸರು ಹುಡುಕುವುದು ಆಟಿಸಂ ಇರುವ ಹಲವರಿಗೆ ಕಷ್ಟ. ಅಂಥ ಮಗುವನ್ನು “ಏನನ್ನಿಸಿತು?” ಎನ್ನುವುದರ ಬದಲು “ಹೊಟ್ಟೆಯಲ್ಲಿ ಏನಾಯ್ತು, ಎದೆಯಲ್ಲಿ ಏನಾಯ್ತು, ಇಲ್ಲಿ ಬಣ್ಣ ಹಾಕು” ಎಂದು ದೇಹದ ಬಾಹ್ಯರೇಖೆ ಕೊಟ್ಟು ಕೇಳಬಹುದು.

1994ರಲ್ಲಿ ಕ್ಯಾರಲ್ ಗ್ರೇ ರೂಪಿಸಿದ ಕಾಮಿಕ್ ಸ್ಟ್ರಿಪ್ ಸಂಭಾಷಣೆ ನನಗೆ ತುಂಬ ಮೆಚ್ಚಿಗೆಯ ವಿಧಾನ. ಮಗು, ದೊಡ್ಡವರು ಇಬ್ಬರೂ ಕಡ್ಡಿಮನುಷ್ಯರನ್ನು ಬರೆಯುತ್ತಾರೆ, ಆಡಿದ ಮಾತಿಗೆ ಒಂದು ಗುಳ್ಳೆ, ಮನಸ್ಸಿನಲ್ಲಿದ್ದದ್ದಕ್ಕೆ ಇನ್ನೊಂದು, ಭಾವನೆಗೆ ಬಣ್ಣ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವ ಒತ್ತಡವಿಲ್ಲ, ಇಬ್ಬರ ದೃಷ್ಟಿಯೂ ಕಾಗದದ ಮೇಲೆ. ಮಿಕ್ಸಿಯ ಹುಡುಗನ ಜೊತೆ ಹೀಗೆ ಕೂತರೆ ಮುಂದಿನ ಚೌಕದಲ್ಲಿ ಏನಿರಬೇಕೆಂದು ಅವನನ್ನೇ ಕೇಳಬಹುದು: ಮುಚ್ಚಿದ ಬಾಗಿಲೋ, ಕಿವಿಗೆ ಹೆಡ್‌ಫೋನೋ, “ಈಗ ಹಾಕ್ತೀನಿ” ಎಂದು ಅಮ್ಮ ಮೊದಲೇ ಹೇಳುವುದೋ. ಅಲ್ಲಿಗೆ ಚಿತ್ರ ಮನೆಯ ದಿನಚರಿಯನ್ನೇ ಬದಲಿಸುತ್ತದೆ.

ದೌರ್ಜನ್ಯದ ಅನುಮಾನ ಬಂದಾಗ

ಯಾವ ಒಂದು ಚಿತ್ರವೂ ಲೈಂಗಿಕ ದೌರ್ಜನ್ಯಕ್ಕೆ ಪುರಾವೆಯಾಗುವುದಿಲ್ಲ. ಹಾಗೆಂದು ಮಗುವಿನ ಮಾತು, ನಡವಳಿಕೆ, ಚಿತ್ರ ಒಟ್ಟಿಗೆ ಆತಂಕ ಹುಟ್ಟಿಸಿದರೆ ಸುಮ್ಮನಿರುವಂತೆಯೂ ಇಲ್ಲ. 2012ರ ಪೋಕ್ಸೋ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098. ಮಗುವನ್ನು ನಾವೇ ಮತ್ತೆ ಮತ್ತೆ ಪ್ರಶ್ನಿಸಬಾರದು, ಇನ್ನೊಮ್ಮೆ ಬರೆದು ತೋರಿಸು ಎನ್ನಬಾರದು. ಅಂಗವೈಕಲ್ಯ ಇರುವ ಮಗುವಿನ ಸಾಕ್ಷ್ಯ ಪಡೆಯುವಾಗ ವಿಶೇಷ ಶಿಕ್ಷಕರ ಅಥವಾ ಆ ಮಗುವಿನ ಸಂವಹನ ಬಲ್ಲವರ ನೆರವನ್ನು ನ್ಯಾಯಾಲಯ ಪಡೆಯಬಹುದು ಎಂದು 38ನೇ ಕಲಂ ಹೇಳುತ್ತದೆ. ಆ ಸ್ಥಾನದಲ್ಲಿ ನಾಳೆ ನಾವೇ ನಿಲ್ಲಬೇಕಾಗಬಹುದು.

ಅದಕ್ಕೇ ದಾಖಲೆ ಚೊಕ್ಕವಾಗಿರಲಿ. ಚಿತ್ರದ ಹಿಂಬದಿಯಲ್ಲಿ ದಿನಾಂಕ, ಯಾರು ಜೊತೆಗಿದ್ದರು, ಯಾವ ಬಣ್ಣಗಳು ಎದುರಿಗಿದ್ದವು, ನಾವು ಕೇಳಿದ ಪ್ರಶ್ನೆ, ಮಗು ಆಡಿದ ಮಾತು ಅದರ ಬಾಯಲ್ಲಿ ಬಂದ ಹಾಗೆಯೇ. ನಮ್ಮ ಊಹೆ ಬೇರೆ ಹಾಳೆಯಲ್ಲಿ.