ಓಪನ್ ಏರ್ ಅಂದ್ರೆ ಸೈಲೆಂಟ್ ಅಂತಲ್ಲ

"ಕೇಸೇ ಇಲ್ಲ, ಓಪನ್ ಏರ್ ಬಿಲ್ಡ್, ಸೋ ಪೂರ್ತಿ ಸೈಲೆಂಟ್" ಅಂತ ಒಂದು ಸೆಕೆಂಡ್ ಹ್ಯಾಂಡ್ ಪಿಸಿ ಜಾಹೀರಾತು ಮತ್ತೆ ಕಣ್ಣಿಗೆ ಬಿತ್ತು. ಇದು ಎಷ್ಟನೇ ಸಲವೋ, ಅದಕ್ಕೇ ಒಂದ್ಸಲ ಬರೆದಿಟ್ಟುಬಿಡ್ತೀನಿ. ಓಪನ್ ಏರ್ ಅನ್ನೋದು ಪಾರ್ಟ್ಸ್ ಸುತ್ತ ಡಬ್ಬಿ ಇದೆಯೋ ಇಲ್ವೋ ಅನ್ನೋದನ್ನ ಮಾತ್ರ ಹೇಳುತ್ತೆ. ಸದ್ದಿನ ಬಗ್ಗೆ ಏನೂ ಹೇಳಲ್ಲ.

ಇದಕ್ಕಿಂತ ಹೆಚ್ಚು ತಲೆ ಕೆಡಿಸೋದು ಇನ್ನೊಂದಿದೆ. ಗ್ರಾಫಿಕ್ಸ್ ಕಾರ್ಡ್ ರಿವ್ಯೂಗಳಲ್ಲೂ ಇದೇ ಓಪನ್ ಏರ್ ಪದ ಬರುತ್ತೆ, ಅಲ್ಲಿ ಅರ್ಥವೇ ಬೇರೆ. ಅಲ್ಲಿ ಅದು ಕೂಲರ್ ಜಾತಿ: ಕಾರ್ಡ್ ಮೇಲೆ ಎರಡೋ ಮೂರೋ ಫ್ಯಾನ್, ಅವು ನೇರ ಹೀಟ್‌ಸಿಂಕ್ (ಬಿಸಿ ಹೀರಿ ಗಾಳಿಗೆ ಬಿಡೋ ಲೋಹದ ತುಂಡು) ಮೇಲೆ ಊದ್ತವೆ, ಬಿಸಿಗಾಳಿ ಪಕ್ಕದಿಂದ ಮೇಲಿಂದ ಎಲ್ಲಾ ಕಡೆಯಿಂದ ಆಚೆ ಬರುತ್ತೆ, ಆಚೆ ಅಂದ್ರೆ ಕೇಸ್ ಒಳಗೇನೇ. ಇದರ ಎದುರಾಳಿ ಬ್ಲೋವರ್ ಕಾರ್ಡು, ಒಂದೇ ಫ್ಯಾನು, ಮೇಲೆ ಪೂರ್ತಿ ಮುಚ್ಚಿರೋ ಕವರ್, ಬಿಸಿಗಾಳಿನ ಹಿಂದಿನ ಬ್ರಾಕೆಟ್ ಮೂಲಕ ಕೇಸಿಂದ ಹೊರಗೆ ತಳ್ಳುತ್ತೆ, ಆ ಕೆಲಸಕ್ಕೆ ಜೋರಾಗಿ ತಿರುಗಬೇಕು ಹಾಗಾಗಿ ಕೂಗುತ್ತೆ. "ಕಾರ್ಡ್ ಓಪನ್ ಏರ್ ಅಂತಿದೆ, ಹಾಗಾದ್ರೆ ಓಪನ್ ಏರ್ ಕೇಸೇ ಬೇಕಾ?" ಅಂತ ಕೇಳೋರು ಈ ಎರಡನ್ನೂ ಒಂದೇ ಅಂದ್ಕೊಂಡಿರ್ತಾರೆ. ಬೇಕಾಗಿಲ್ಲ. ಅಂಗಡೀಲಿ ಇವತ್ತು ಸಿಗೋ ಗೇಮಿಂಗ್ ಕಾರ್ಡ್‌ಗಳಲ್ಲಿ ಬಹುಪಾಲು ಇದೇ ಜಾತಿ, ಮಾಮೂಲಿ ಕೇಸಲ್ಲೇ ನಡೆಯುತ್ತೆ. ಆದ್ರೆ ಪುಟ್ಟ ಮುಚ್ಚಿದ ಕೇಸಲ್ಲಿ ಇಂಥ ಕಾರ್ಡು ತಾನು ಬಿಟ್ಟ ಬಿಸಿಗಾಳೀನೇ ಮತ್ತೆ ಎಳ್ಕೊಳ್ಳುತ್ತೆ, ಬಿಚ್ಚಿದ ಫ್ರೇಮಲ್ಲಿ, ಅಂದ್ರೆ ಡಬ್ಬಿ ಇಲ್ಲದೆ ಪಾರ್ಟ್ಸ್ ಹಿಡಿದಿಡೋ ಬರೀ ಚೌಕಟ್ಟಲ್ಲಿ, ಆ ತಾಪತ್ರಯ ತುಂಬಾ ಕಮ್ಮಿ. ಇನ್ನು ಓಪನ್ ಫ್ರೇಮಿಗೆ ಬ್ಲೋವರ್ ಕಾರ್ಡ್ ಹಾಕೋದು ಬರೀ ನಷ್ಟ, ಕೇಸಿಂದ ಹೊರಗೆ ತಳ್ಳೋಕೆ ಕೇಸೇ ಇಲ್ವಲ್ಲ, ಉಳಿಯೋದು ಅದರ ಸದ್ದು ಮಾತ್ರ.

ಸರಿ, ಫ್ರೇಮ್ ವಿಷಯಕ್ಕೆ ಬರೋಣ. ಕೇಸ್ ತೆಗೆದ್ರೆ ಮನೆ ಕಿಟಕಿ ತೆಗೆದ ಹಾಗೆ, ಸೆಕೆ ಕಮ್ಮಿಯಾಗುತ್ತೆ, ಬೀದಿ ಸದ್ದೂ ನೇರ ಕಿವಿಗೆ ಬರುತ್ತೆ. ಹೀಟ್‌ಸಿಂಕಿಗೆ ರೂಮಿನ ತಣ್ಣನೆ ಗಾಳಿ ಸಿಗೋದು ನಿಜ, ಆದ್ರೆ ಫ್ಯಾನಿಗೂ ನಿಮ್ಮ ಕಿವಿಗೂ ಮಧ್ಯೆ ತಗಡಿನ ಗೋಡೆ ಇರಲ್ಲ. ಅದೇ ಪಾರ್ಟ್ಸು, ಅದೇ ಫ್ಯಾನು, ಅದೇ ಸ್ಪೀಡು ಇಟ್ಕೊಂಡು ಬರೀ ಕೇಸ್ ಬಿಚ್ಚಿದ್ರೆ ಸದ್ದು ಜಾಸ್ತಿನೇ ಕೇಳೋದು. ಸಿಕ್ಕ ತಂಪನ್ನ ಫ್ಯಾನ್ ಸ್ಪೀಡ್ ಇಳಿಸೋಕೆ ಖರ್ಚು ಮಾಡಿದ್ರೆ ಮಾತ್ರ ಲಾಭ. ಫ್ಯಾನಿನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಅರ್ಧಕ್ಕೆ ಇಳಿಸಿದ್ರೆ ಗಾಳಿ ಅರ್ಧ ಆಗುತ್ತೆ, ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತೆ, 10 ಡೆಸಿಬೆಲ್ ಇಳಿದ್ರೇನೇ ಕಿವಿಗೆ ಸದ್ದು ಅರ್ಧ ಆದ ಹಾಗೆ ಕೇಳೋದು. ಬಯಾಸ್ (ಪಿಸಿ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ಸ್) ಒಳಗೆ ಹೋಗಿ ಫ್ಯಾನ್ ಕರ್ವ್, ಅಂದ್ರೆ ಎಷ್ಟು ಬಿಸಿಗೆ ಫ್ಯಾನ್ ಎಷ್ಟು ಜೋರು ಅನ್ನೋ ಲೆಕ್ಕ, ಮುಟ್ಟದೇ ಇರೋರಿಗೆ ಓಪನ್ ಏರ್ ಪ್ರಯೋಜನದಲ್ಲಿ ಮುಕ್ಕಾಲು ಪಾಲು ಸಿಗೋದೇ ಇಲ್ಲ ಅಂತ ನನ್ನ ಅಭಿಪ್ರಾಯ. ಡೀಫಾಲ್ಟ್ ಕರ್ವಲ್ಲಿ ಬ್ರೌಸರ್ ಟ್ಯಾಬ್ ಒಂದು ತೆರೆದ್ರೂ ಫ್ಯಾನ್ ವುಯ್ ಅಂತ ಏರಿ ಇಳಿಯುತ್ತೆ, ಒಂದೇ ಸಮ ಬರೋ ಸಣ್ಣ ಸದ್ದಿಗಿಂತ ಈ ಏರಿಳಿತ ಬಹಳ ಕಿರಿಕಿರಿ.

ಕಾಂಪ್ಯಾಕ್ಟ್ ಬಿಲ್ಡಿಗೆ ಓಪನ್ ಫ್ರೇಮ್ ಕೊಡೋ ನಿಜವಾದ ವರ ಎತ್ತರ, ಇದನ್ನ ಯಾರೂ ಹೇಳಲ್ಲ. ಮಿನಿ ಐಟಿಎಕ್ಸ್ ಮದರ್‌ಬೋರ್ಡ್ ಅಂದ್ರೆ ಬರೀ 170 ಮಿಮೀ ಚೌಕ, 2001ರಲ್ಲಿ ವಿಯಾ ಕಂಪನಿ ತಂದ ಅಳತೆ. ಅದರ ಬೆನ್ನಿಗೆ ಎಸ್‌ಎಫ್‌ಎಕ್ಸ್ ಅನ್ನೋ ಪುಟ್ಟ ಅಳತೆಯ ಪವರ್ ಸಪ್ಲೈ ಕೂರಿಸಿದ್ರೆ ಇಡೀ ಪಿಸಿ ಮೇಜಿನ ಒಂದು ಮೂಲೇಲಿ ಮುಗಿಯುತ್ತೆ. ಇಷ್ಟೇ ಪುಟ್ಟ ಮುಚ್ಚಿದ ಕೇಸಲ್ಲಾದ್ರೆ ನೋಕ್ಟುವಾ ಎನ್‌ಎಚ್-ಎಲ್9ಐ ಥರ 37 ಮಿಮೀ ಕೂಲರ್‌ಗೇ ಜಾಗ ಮುಗಿಯುತ್ತೆ, ಅದರ 92 ಮಿಮೀ ತೆಳು ಫ್ಯಾನ್ ಲೋಡ್ ಬಿದ್ದಾಗ ಜೋರಾಗಿ ತಿರುಗದೇ ವಿಧಿ ಇಲ್ಲ. ಮುಚ್ಚಳವೇ ಇಲ್ಲದ ಫ್ರೇಮಲ್ಲಿ 120 ಮಿಮೀ ಫ್ಯಾನಿನ ದೊಡ್ಡ ಕೂಲರ್ ನಿಲ್ಲಿಸಿ 600 ಆರ್‌ಪಿಎಂ ಆಸುಪಾಸಲ್ಲಿ ಓಡಿಸಬಹುದು. ರೈಜನ್ 5 8600ಜಿ ಥರ 65 ವ್ಯಾಟಿನ, ಒಳಗೇ ಗ್ರಾಫಿಕ್ಸ್ ಇರೋ ಪ್ರೊಸೆಸರ್ ಹಾಕಿದ್ರೆ ಕಾರ್ಡಿನ ಗೋಜೇ ಇಲ್ಲ. ಕೂಲರ್ ಮಾತ್ರ ಕೆಳಗೆ ಊದೋ ಥರದ್ದು ತಗೊಳ್ಳಿ, ಯಾಕಂದ್ರೆ ಕೇಸ್ ಫ್ಯಾನ್ ಇಲ್ಲದ ಮೇಲೆ ವಿಆರ್‌ಎಂಗೂ (ಪ್ರೊಸೆಸರ್‌ಗೆ ಕರೆಂಟ್ ಹದ ಮಾಡಿ ಕೊಡೋ ಭಾಗ) ಬೋರ್ಡಿಗೇ ಚುಚ್ಚೋ ಎಂ.2 ಎಸ್‌ಎಸ್‌ಡಿಗೂ ಬೇರೆ ಯಾರೂ ಗಾಳಿ ಬೀಸಲ್ಲ.

ಫ್ಯಾನ್‌ಲೆಸ್ ಅನ್ನೋದು ಮೂರನೇ ಪದ, ಅದನ್ನೂ ಇದರ ಜೊತೆ ಕಲಸಬೇಡಿ. 2021ರಲ್ಲಿ ಬಂದ ನೋಕ್ಟುವಾ ಎನ್‌ಎಚ್-ಪಿ1 ಕೂಲರ್ ಫ್ಯಾನ್‌ಲೆಸ್, ಒಂದು ಕೇಜಿ ಮೀರಿದ ತೂಕ, ದಪ್ಪ ಫಿನ್ (ಲೋಹದ ಹಾಳೆ), ನಡುವೆ ಅಗಲ ಸಂದು, ಯಾಕಂದ್ರೆ ಬಿಸಿಗಾಳಿ ತಾನಾಗೇ ಮೇಲೇರಬೇಕು. ಫ್ಯಾನ್‌ಲೆಸ್ ಪಿಸಿ ಮುಚ್ಚಿದ ಕೇಸಲ್ಲೂ ಇರಬಹುದು, ಸ್ಟ್ರೀಕಾಮ್ ಡಿಬಿ4ಲ್ಲಿ ಕೇಸಿನ ಗೋಡೆಯೇ ಹೀಟ್‌ಸಿಂಕು.

ಧೂಳು, ಹಲ್ಲಿ, ಇರುವೆ ಬಗ್ಗೆ ನಮ್ಮ ಮನೆಗಳಲ್ಲಿ ಹೇಳಿಕೊಡಬೇಕಾಗಿಲ್ಲ. ಚಿಕ್ಕ ಮಕ್ಕಳಿರೋ ಮನೇಲಿ ನಾನಂತೂ ಓಪನ್ ಫ್ರೇಮ್ ಇಡಬೇಡಿ ಅಂತೀನಿ. ರಾಯಚೂರು, ಕಲಬುರಗಿ ಬೇಸಿಗೆಗೂ ಇದು ಮದ್ದಲ್ಲ, ರೂಮು 10 ಡಿಗ್ರಿ ಏರಿದ್ರೆ ಪ್ರೊಸೆಸರೂ ಹತ್ತಿರ ಹತ್ತಿರ ಅಷ್ಟೇ ಏರುತ್ತೆ, ಫ್ಯಾನ್ ಕರ್ವ್ ಬೇಸಿಗೆಗೆ ಬೇರೆ ಬೇಕಾಗುತ್ತೆ. ಕೊನೇದಾಗಿ ಕಾಯಿಲ್ ವೈನ್. ಕಾರ್ಡಿನ ಇಂಡಕ್ಟರ್‌ಗಳಿಂದ (ತಂತಿ ಸುರುಳಿಗಳಿಂದ) ಬರೋ ಸಣ್ಣ ಕೀರಲು ಸದ್ದು, ಮುಚ್ಚಿದ ಕೇಸಲ್ಲಿ ಅಡಗಿಬಿಡುತ್ತೆ, ಓಪನ್ ಫ್ರೇಮಲ್ಲಿ ಫ್ಯಾನೆಲ್ಲಾ ನಿಧಾನ ಮಾಡಿದ ಮೇಲೆ ಮೊದಲು ಕೇಳೋದೇ ಅದು. ಗೇಮಿನ ಮೆನುವಲ್ಲಿ ಫ್ರೇಮ್ ರೇಟ್ (ಸೆಕೆಂಡಿಗೆ ಕಾರ್ಡ್ ಬಿಡಿಸೋ ಚಿತ್ರಗಳ ಸಂಖ್ಯೆ) ನೂರಾರು ದಾಟಿದಾಗ ಜೋರಾಗುತ್ತೆ, ಫ್ರೇಮ್ ರೇಟಿಗೆ ಮಿತಿ ಹಾಕಿದ್ರೆ ಬಹಳಷ್ಟು ತಗ್ಗುತ್ತೆ. ಅಷ್ಟಾದ್ರೂ ತಗ್ಗದಿದ್ರೆ ವಾಪಸ್ ತಗೊಳ್ಳೋ ಅವಧಿ ಮುಗಿಯೋದ್ರೊಳಗೆ ಕಾರ್ಡ್ ಬದಲಿಸಿಕೊಳ್ಳಿ.