ಒಸಡು ರೋಗ ಎಡ ಬಲ ಒಂದೇ ತರ, ಆದರೂ ಅರ್ಧ ಬಾಯಿ ಅಳೆದರೆ ಸಾಲದು

ವಿರಾಜಪೇಟೆಯಲ್ಲಿ ಮಳೆ ಬಿಡದ ಈ ವಾರ ಪೂರ್ತಿ ಇದೊಂದೇ ವಿಷಯ ನನ್ನ ತಲೆ ತಿಂದಿದೆ: ಎಷ್ಟು ಜನಕ್ಕೆ ಒಸಡು ರೋಗ ಇದೆ ಎಂದು ಎಣಿಸಲು ಅರ್ಧ ಬಾಯಿ ಅಳೆದರೆ ಸಾಕೇ? ಅರ್ಥವಾದ ಕೂಡಲೇ ಬರೆದಿಡುತ್ತಿದ್ದೇನೆ.

ಮೊದಲು ಜೋಡಿ ಹಲ್ಲು, ಅಂದರೆ ಎಡ ಬಲದಲ್ಲಿ ಒಂದೇ ಸ್ಥಾನದ ಹಲ್ಲುಗಳು. ಹಲ್ಲಿನ ಸಂಖ್ಯೆಯ ಮೊದಲ ಅಂಕಿ ಬಾಯಿಯ ಕಾಲುಭಾಗ: 1 ಮೇಲೆ ಬಲ, 2 ಮೇಲೆ ಎಡ, 3 ಕೆಳಗೆ ಎಡ, 4 ಕೆಳಗೆ ಬಲ. ಎರಡನೆಯ ಅಂಕಿ ನಡುವಿನಿಂದ ಎಷ್ಟನೆಯ ಹಲ್ಲು ಅನ್ನುವುದು. 16ರ ಜೋಡಿ 26, 36ರ ಜೋಡಿ 46. ಎಡ, ಬಲ ಅಂದರೆ ರೋಗಿಯದ್ದು, ನಮ್ಮದಲ್ಲ.

ಪೆರಿಯೊಡಾಂಟೈಟಿಸ್ (ಹಲ್ಲನ್ನು ಹಿಡಿದಿರುವ ಒಸಡು, ಮೂಳೆ ಹಾಳಾಗುವ ರೋಗ) ಸಾಮಾನ್ಯವಾಗಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ತರ ಇರುತ್ತದೆ. ಜೋಡಿ ಹಲ್ಲುಗಳ ಬೇರಿನ ಆಕಾರ ಒಂದೇ, ಹುಟ್ಟುವ ವಯಸ್ಸೂ ಸುಮಾರು ಒಂದೇ. ಸಕ್ಕರೆ ಕಾಯಿಲೆ, ಬೀಡಿ ಸಿಗರೇಟಿನ ಪೆಟ್ಟು ಇಡೀ ಬಾಯಿಗೆ ಬೀಳುತ್ತದೆ.

ಹಲ್ಲಿಗೆ 6 ಜಾಗದಲ್ಲಿ ಪ್ರೋಬ್ (ಒಸಡಿನ ಆಳ ಅಳೆಯುವ ಕಡ್ಡಿ) ಇಡಬೇಕು. ಬುದ್ಧಿಹಲ್ಲು ಬಿಟ್ಟು 28 ಹಲ್ಲಿಗೆ 168 ಜಾಗ. ಒಂದೇ ಪಕ್ಕ ಅಳೆದರೆ 84ಕ್ಕೆ ಮುಗಿಯುತ್ತದೆ. ಎರಡೂ ಕಡೆ ಒಂದೇ ಅಂದಮೇಲೆ ಅರ್ಧ ಸಾಕು ಅಲ್ವಾ? ನಾನು ಎಡವಿದ್ದು ಇಲ್ಲೇ.

ಇಬ್ಬರು ರೋಗಿಗಳು ಅಂದುಕೊಳ್ಳಿ, ತಲಾ 28 ಹಲ್ಲು. ಮೊದಲನೆಯವರಿಗೆ 17, 46ರ ಒಸಡು ಕೆಟ್ಟಿದೆ. ಎರಡನೆಯವರಿಗೆ 27, 36. ಒಟ್ಟು 56ರಲ್ಲಿ 4, ಅಂದರೆ 14ಕ್ಕೆ 1. ಈಗ ಇಬ್ಬರದ್ದೂ ಎಡಭಾಗ ಮಾತ್ರ ಅಳೆಯಿರಿ. 28ರಲ್ಲಿ 2, ಮತ್ತೆ 14ಕ್ಕೆ 1. ಸರಾಸರಿ ಕದಲಲಿಲ್ಲ! ಆದರೆ ರೋಗಿಗಳ ಲೆಕ್ಕ 2ರಿಂದ 1ಕ್ಕೆ ಇಳಿಯಿತು. ಮೊದಲನೆಯವರು "ಆರೋಗ್ಯವಂತರು" ಆಗಿಬಿಟ್ಟರು. ಸರಾಸರಿ ಸರಿ ಬಂದ ಮಾತ್ರಕ್ಕೆ ರೋಗಿಗಳ ಎಣಿಕೆ ಸರಿ ಬರುವುದಿಲ್ಲ. ಇದನ್ನು ನಾನು ಪೆನ್ಸಿಲ್ ಹಿಡಿದು ಮೂರು ಸಲ ಮಾಡಿದೆ. ನೀವೂ ಮಾಡಿ.

ಕನ್ನಡಿಯಲ್ಲಿ ಕಂಡಂತೆ ಎಡ ಬಲ ಪೂರ್ತಿ ಹೊಂದಿದರೂ ತಪ್ಪಬಹುದು. ಒಬ್ಬರಿಗೆ 16 ಮತ್ತು 26 ಮಾತ್ರ ಕೆಟ್ಟಿವೆ. ಒಸಡು ರೋಗಗಳ 2018ರ ವರ್ಗೀಕರಣದ ಪ್ರಕಾರ, ಪೆರಿಯೊಡಾಂಟೈಟಿಸ್ ಅನ್ನಲು ಹಲ್ಲುಸಂದಿಯಲ್ಲಿ ಬೇರಿಗೆ ಅಂಟಿದ ಒಸಡಿನ ಹಿಡಿತ ಕಳಚಿರುವುದು ಅಕ್ಕಪಕ್ಕದಲ್ಲಿಲ್ಲದ 2 ಹಲ್ಲುಗಳಲ್ಲಾದರೂ ಕಾಣಬೇಕು. ಅರ್ಧ ಬಾಯಲ್ಲಿ ಸಿಗುವುದು 1 ಹಲ್ಲು. ಎಡ ಮಾತ್ರ ನೋಡಿದರೂ, ಬಲ ಮಾತ್ರ ನೋಡಿದರೂ ಈ ರೋಗಿ ಲೆಕ್ಕಕ್ಕೇ ಬರುವುದಿಲ್ಲ.

ಕಾಫಿ ತೋಟದಲ್ಲಿ ಬಿಳಿ ಕಾಂಡಕೊರಕ ಹುಡುಕುವಾಗ ದಾರಿಯ ಒಂದೇ ಪಕ್ಕ ನೋಡಿ ಯಾರೂ ಮನೆಗೆ ಬರುವುದಿಲ್ಲ. ಹುಳ ಬಿದ್ದ ಗಿಡ ಕಡಿಮೆ ಇದ್ದಷ್ಟೂ ತಪ್ಪಿಹೋಗುವ ಭಯ ಜಾಸ್ತಿ. ಒಸಡಿನಲ್ಲೂ ಹಾಗೇ. ನಾಲ್ಕೈದು ಜಾಗದಲ್ಲಷ್ಟೇ ರೋಗ ಇರುವವರೇ ಹೆಚ್ಚು ಕೈತಪ್ಪುತ್ತಾರೆ.

ಒಂದೇ ಕಡೆ ಜೋರಾಗಿದ್ದರೆ ಅಲ್ಲೇ ಕಾರಣ ಹುಡುಕಿ. ಸರಿಯಾಗಿ ಕೂರದ ಕ್ಯಾಪ್, ಅಗಿಯದ ಪಕ್ಕದಲ್ಲಿ ಕಟ್ಟಿದ ಪಾಚಿ, ಎಲೆ ಅಡಿಕೆ ಜೊತೆ ಕೆನ್ನೆಯಲ್ಲಿಟ್ಟ ಹೊಗೆಸೊಪ್ಪು. ತೋಟದ ಕೆಲಸದವರು ಬಂದರೆ ಪ್ರೋಬ್ ಹಿಡಿಯುವ ಮೊದಲೇ ಕೇಳುತ್ತೇನೆ: "ಅಕ್ಕಾ, ಸೊಪ್ಪು ಯಾವ ಕಡೆ ಇಟ್ಕೊಳ್ತೀರಾ?"